ಹನ್ನೆರಡು ಮಾರಿನ ಕಲ್ಲು

"ಗುರುಗಳೇ, ಎಂಟು ವರ್ಷದಿಂದ ವರ್ಷಕ್ಕೊಮ್ಮೆ ಕೂತು ನನ್ನ ಸಿಟ್ಟನ್ನು ಅಳೆದು ನೋಡುತ್ತಿದ್ದೇನೆ. ಒಂದಿಷ್ಟೂ ಹೆಚ್ಚಿಲ್ಲ. ಈ ವರ್ಷವೂ ಯಾರ ಮೇಲೂ ಕೈ ಎತ್ತಿಲ್ಲ. ಆದರೂ ನಾನು ಮನೆಯೊಳಗೆ ಕಾಲಿಟ್ಟರೆ ಮಗಳು ಎದ್ದು ಹೊರಗೆ ಹೋಗುತ್ತಾಳೆ. ಮಾತು ಬಿಟ್ಟು ಮೂರು ತಿಂಗಳಾಯಿತು. ಇದೇಕೆ ಹೀಗೆ?" ಎಂದು ಶಿಷ್ಯ ಕೇಳಿದ.

ಊರೆಲ್ಲ ಮಾವ ಎಂದೇ ಕರೆಯುತ್ತಿದ್ದ ಗುರುಗಳು ತೊಡೆ ತಟ್ಟಿದರು.

"ಒಂದು ಕತೆ ಹೇಳುತ್ತೇನೆ. ಅಕ್ಷರ ಅಕ್ಷರವೂ ನಿಜ. ಸುಳ್ಳಾದರೆ ನನ್ನ ಗಡ್ಡ ಇಲ್ಲೇ ಉದುರಿ ಬೀಳಲಿ" ಎಂದರು. ಗುರುಗಳಿಗೆ ಗಡ್ಡವಿರಲಿಲ್ಲ. ಕತೆ ಹೀಗಿತ್ತು.

ಕಡಲ ದಂಡೆಯ ಮೀನುಗಾರರಿಗೆ ಅರಸನೊಬ್ಬ ಮಾತು ಕೊಟ್ಟಿದ್ದ. ಕಡಲು ಐದು ಮಾರು ಒಳಗೆ ಬಂದದ್ದು ಅಳತೆಯಲ್ಲಿ ಕಂಡರೆ ಸಾಕು, ಕಲ್ಲಿನ ತಡೆಗೋಡೆ ಕಟ್ಟಿಸುತ್ತೇನೆ ಎಂದಿದ್ದ. ಅಳೆಯಲು ಒಬ್ಬ ಅಳತೆಗಾರನನ್ನೂ ಕಳಿಸಿದ. ಬಹಳ ನಿಖರ ಮನುಷ್ಯ. ಏಡಿಯೊಂದು ಕಾಲು ಚಾಚಿದರೂ ಅವನ ಹಗ್ಗಕ್ಕೆ ಗೊತ್ತಾಗುತ್ತಿತ್ತು. ಅವನಿಗೆ ಹಗ್ಗ ಹಿಡಿಯುವುದನ್ನು ಕಲಿಸಿದವನು ನಾನೇ. ಅದು ಬಿಡು, ಹೊಗಳಿಕೊಳ್ಳುವುದು ನನ್ನ ಸ್ವಭಾವವಲ್ಲ.

ಅಳತೆಗಾರ ದಂಡೆಯಲ್ಲಿ ಒಂದು ಗುರುತಿನ ಕಲ್ಲು ನೆಟ್ಟ. ಭರತದ ನೀರು ಏರಿ ನಿಲ್ಲುವ ಗೆರೆಯಿಂದ ಕಲ್ಲಿನವರೆಗೆ ಅಳೆದ. "ಹನ್ನೆರಡು ಮಾರು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಬರೆದುಕೊಂಡ. "ಇದು ಅರಸನ ಕಲ್ಲು. ಇದೇನಾದರೂ ನೀರುಪಾಲಾದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ" ಎಂದು ಹೆದರಿಸಿ ಹೋದ.

ಮರುವರ್ಷ ಮಳೆಗಾಲದ ಹೊಸ್ತಿಲಲ್ಲಿ ಬಂದು ಅಳೆದ. ಹನ್ನೆರಡು ಮಾರು. ಅದರ ಮರುವರ್ಷವೂ ಹನ್ನೆರಡು. ಐದನೆಯ ವರ್ಷವೂ ಹನ್ನೆರಡು.

ಆ ವರ್ಷ, ಊರಿನ ಅಂಚಿನ ಮನೆಯಲ್ಲಿ ಮೀನು ಒಣಗಿಸುವ ಹೆಂಗಸೊಬ್ಬಳು ಅವನ ದಾರಿಗೆ ಅಡ್ಡ ನಿಂತಳು. "ಅಯ್ಯಾ, ಮೊದಲು ಕಡಲ ಕಡೆಗೆ ನನ್ನ ಬಾವಿಯಿತ್ತು. ಈಗ ನನ್ನ ಬಾವಿಯೊಳಗೆ ಕಡಲಿದೆ. ಗೋಡೆ ಬೇಗ ಬರದಿದ್ದರೆ ಮನೆಯೂ ಹೋಗುತ್ತದೆ."

"ನೀನು ಹೇಳಿದ್ದನ್ನು ಬರೆಯಲೋ, ಹಗ್ಗ ಹೇಳಿದ್ದನ್ನು ಬರೆಯಲೋ?" ಎಂದು ಅಳತೆಗಾರ ರೇಗಿದ. ಹನ್ನೆರಡು ಎಂದು ಬರೆದು ಹೊರಟ.

ಎಂಟನೆಯ ವರ್ಷ ಬಂದಾಗ ದಂಡೆಯಲ್ಲಿ ಕಲ್ಲು ಕಾಣಲಿಲ್ಲ. ಹುಡುಕುತ್ತಾ ಹೋದವನು ಅದೇ ಹೆಂಗಸಿನ ಅಂಗಳದಲ್ಲಿ ಕಲ್ಲಿಗೆ ಎಡವಿ, ಒಣಮೀನಿನ ಚಾಪೆಯ ಮೇಲೆ ಬಿದ್ದ.

"ಈ ಕಲ್ಲು ಇಲ್ಲಿಗೆ ಹೇಗೆ ಬಂತು?"

"ನಾವೇ ತಂದೆವು" ಎಂದಳು ಹೆಂಗಸು, ಹೆಮ್ಮೆಯಿಂದ. "ಮಳೆಗಾಲಕ್ಕೆ ಮುಂಚೆ ದೋಣಿಗಳನ್ನೆಲ್ಲ ಮೇಲಕ್ಕೆ ಎಳೆಯುತ್ತೇವಲ್ಲ, ಆ ದಿನವೇ ಅರಸರ ಕಲ್ಲನ್ನೂ ಎಳೆಯುತ್ತೇವೆ. ಇಲ್ಲದಿದ್ದರೆ ಎಂದೋ ನೀರಿಗೆ ಹೋಗುತ್ತಿತ್ತು. ಎಲ್ಲೆಂದರಲ್ಲಿ ಇಟ್ಟಿಲ್ಲ ಅಯ್ಯಾ. ನೀವು ಕೂಗಿ ಹೇಳಿದ ಹಾಗೆ ನೀರಿನಿಂದ ಸರಿಯಾಗಿ ಹನ್ನೆರಡು ಮಾರು ಎಣಿಸಿಯೇ ಇಟ್ಟಿದ್ದೇವೆ. ಎಂಟು ಸಲ ಎಳೆದೆವು, ಒಂದು ಸಲವೂ ತಪ್ಪಿಲ್ಲ."

ಅಳತೆಗಾರ ತಲೆಯ ಮೇಲೆ ಕೈ ಹೊತ್ತು ಕೂತ. "ಮೊದಲು ನಾನು ನೆಟ್ಟ ಜಾಗ ಎಲ್ಲಿ?"

"ಅಲ್ಲಿ, ಅಲೆ ಬೆಳ್ಳಗೆ ಒಡೆಯುತ್ತಿದೆಯಲ್ಲ, ಅಲ್ಲಿ."

ಕಡಲು ಮೂವತ್ತು ಮಾರು ಒಳಗೆ ಬಂದಿತ್ತು. ಅಳತೆಗಾರ ಅವಳ ಅಂಗಳದಲ್ಲೇ ಕೂತು ಅರಸನಿಗೆ ಓಲೆ ಬರೆದ. ಗೋಡೆ ಈಗಲೇ ಬೇಕು ಎಂದ.

ಆಸ್ಥಾನದಿಂದ ಉತ್ತರ ಬಂತು. "ಏಳು ವರ್ಷ ಅಲುಗದ ಕಡಲು ಒಂದೇ ವರ್ಷದಲ್ಲಿ ಮೂವತ್ತು ಮಾರು ಬರಲಾರದು. ಅಳತೆಗಾರನಿಗೆ ದಣಿವಾಗಿರಬೇಕು. ಮುಂದಿನ ವರ್ಷ ಮತ್ತೊಮ್ಮೆ ಅಳೆಯಲಿ."

ಆ ಮಳೆಗಾಲದಲ್ಲಿ ಕಡಲು ಹೆಂಗಸಿನ ಮನೆಯ ಗೋಡೆಗೆ ಬಡಿಯಿತು. ಅವಳು ಕೂಗಿದಳು. ಊರವರು ಓಡಿ ಬಂದರು. ಮೊದಲು ಅರಸನ ಕಲ್ಲನ್ನು ಎತ್ತಿಕೊಂಡು ಓಡಿದರು. ತಿರುಗಿ ನೋಡುವಷ್ಟರಲ್ಲಿ ಮನೆ ಇರಲಿಲ್ಲ. ನೀರಿನಿಂದ ಹನ್ನೆರಡು ಮಾರು ದೂರದಲ್ಲಿ ಕಲ್ಲು ಭದ್ರವಾಗಿತ್ತು. ಅದರ ಪಕ್ಕದಲ್ಲಿ ಅವಳು ನೆನೆಯುತ್ತಾ ನಿಂತಿದ್ದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. ನೆಲಕ್ಕೆ ಗುದ್ದಿ, ಅಂಗಳದ ಕಾಗೆಗಳೆಲ್ಲ ಹಾರಿಹೋಗುವಂತೆ ಕೂಗಿದ. "ಎಂಥ ದಡ್ಡ ಜನ! ಕಡಲು ಬರುವುದು ಕಣ್ಣೆದುರಿಗೇ ಕಾಣುತ್ತಿದ್ದರೂ ಕಲ್ಲನ್ನು ಹಿಂದಕ್ಕೆ ಹಿಂದಕ್ಕೆ ಇಟ್ಟರೆ ಅದು ಅಳತೆಯೇ?"

ಗುರುಗಳು ಹಾರಿಹೋದ ಕಾಗೆಗಳನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

"ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿ ಹೇಳಿದ್ದು: ಕಲ್ಲು ಎಂಟು ಸಲ ಸರಿಯಿತು ಎಂದೆ, ನಿಜವಾಗಿ ಸರಿದದ್ದು ಎರಡೇ ಸಲ, ಇಲ್ಲಿಗೆ ಬಂದ ವರ್ಷ ನೀನು ದನಿ ಏರಿದರೆ ಸಿಟ್ಟು ಎನ್ನುತ್ತಿದ್ದೆ, ಆಮೇಲೆ ಬೈದರೆ ಸಿಟ್ಟು ಎಂದೆ, ಈಗ ಕೈ ಎತ್ತಿದರೆ ಮಾತ್ರ ಸಿಟ್ಟು ಎನ್ನುತ್ತಿದ್ದೀಯೆ."