ಬ್ಲೇಡಿನ ಜ್ವರ

ವಿಮಾನದ ಹೊಸ ಎಂಜಿನ್ನಿನ ಪರೀಕ್ಷೆಗೆಂದು, ಅದರೊಳಗಿನ ಟರ್ಬೈನ್ ಬ್ಲೇಡಿಗೆ ಶಾಖ ಅಳೆಯುವ ಸಣ್ಣದೊಂದು ತಂತಿಯನ್ನು ಬೆಸೆದಿದ್ದರು. ಎಂಜಿನ್ ಶುರುವಾಯಿತು, ಬ್ಲೇಡು ಕೆಂಪಾಯಿತು.

"ತಂಗೀ, ಸ್ವಲ್ಪ ದೂರ ಸರಿ, ಸುಟ್ಟುಹೋಗುತ್ತೀಯ. ಅಕ್ಕ ಚೆನ್ನಾಗಿದ್ದಾಳೆ ಅಂತ ಹೊರಗಿನವರಿಗೆ ಹೇಳಿಬಿಡು," ಎಂದಿತು ಬ್ಲೇಡು.

"ದೂರ ಸರಿದರೆ ಪಕ್ಕದ ಗಾಳಿಯ ಸುದ್ದಿ ಹೇಳಿಯೇನು, ನಿನ್ನದಲ್ಲ," ಎಂದ ತಂತಿ ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು.

ಹೊರಗೆ ಪರದೆಯ ಮೇಲೆ ತಂತಿ ಕಳಿಸಿದ ಶಾಖದ ಅಂಕಿ ಏರಿದ್ದನ್ನು ಕಂಡು ಎಂಜಿನಿಯರ್ ಫ್ಲೇವಿಯಾ ಕೂಗಿದರು: "ನಿಲ್ಲಿಸಿ! ಬ್ಲೇಡು ಬಿರುಕು ಬಿಡುತ್ತೆ!"

ಎಂಜಿನ್ ನಿಂತಿತು. ತಣ್ಣಗಾದ ಬ್ಲೇಡು ನೋಡಿದರೆ, ತಂತಿಯ ತುದಿ ಕರಕಲಾಗಿತ್ತು.

"ನನ್ನ ಜ್ವರಕ್ಕೆ ನೀನ್ಯಾಕೆ ಬೆಂದೆ, ತಂಗೀ?"

"ನನಗೂ ಅಷ್ಟೇ ಜ್ವರ ಬರದೆ, ನಿನಗೆಷ್ಟಿದೆ ಅಂತ ಹೇಗೆ ಹೇಳಲಿ, ಅಕ್ಕಾ?"