ಬರಿಗೈಯವನನ್ನು ದಾಟಿಸಿದ ಹುಲಿಗೆವ್ವ

ಈಗಿನ ಸೇತುವೆ ಇರಲಿಲ್ಲ, ಸೇತುವೆ ಕಟ್ಟಿದವರ ಮುತ್ತಜ್ಜಂದಿರೂ ಹುಟ್ಟಿರಲಿಲ್ಲ. ಅಷ್ಟು ಹಿಂದೆ, ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಹುಲಿಗೆವ್ವ ಅಂತ ಒಬ್ಬಳು ಅಂಬಿಗಿತ್ತಿ ಇದ್ದಳಂತೆ.

ಗಂಡ ಸತ್ತಾಗ ಅವಳಿಗೆ ಉಳಿದದ್ದು ಒಂದು ತೂತು ಹರಿಗೋಲು. ಹೆಂಗಸು ಹುಟ್ಟು ಹಿಡಿದರೆ ಹೊಳೆ ಮುನಿಯುತ್ತದೆ ಅಂದರಂತೆ ಊರಿನವರು. ಮುನಿದರೆ ನನ್ನ ಮೇಲೆ ತಾನೇ ಮುನಿಯೋದು, ನಿಮಗೇನು ಅಂದಳಂತೆ ಅವಳು. ಬಿದಿರು ಸೀಳುವುದನ್ನು ನೋಡಿ ನೋಡಿ ಕಲಿತಳು. ಎಮ್ಮೆಯ ಚರ್ಮ ಹದಮಾಡುವುದನ್ನು ಕೆಡಿಸಿ ಕೆಡಿಸಿ ಕಲಿತಳು. ಯಾರೂ ಹೇಳಿಕೊಡಲಿಲ್ಲ. ಹರಿಗೋಲು ಅಂದರೆ ಬುಟ್ಟಿಯ ಹಾಗೆ ದುಂಡಗೆ, ನೀರಿಗಿಳಿದರೆ ಗಿರಗಿರ ತಿರುಗುವ ಜಾತಿ. ಅವಳದು ಮಾತ್ರ ತಿರುಗುತ್ತಿರಲಿಲ್ಲವಂತೆ, ನೂಲು ಹಿಡಿದ ಹಾಗೆ ನೇರ ಹೋಗುತ್ತಿತ್ತಂತೆ. ಒಮ್ಮೆ ಹೊಳೆ ತುಂಬಿದಾಗ ದಿನ ತುಂಬಿದ ಬಸುರಿಯೊಬ್ಬಳನ್ನು ಕೂರಿಸಿಕೊಂಡು ಹೊರಟಳಂತೆ. ಇಬ್ಬರು ಹತ್ತಿದರು, ಮೂವರು ಇಳಿದರು. ಗುಡ್ಡದ ಕಡೆಯವರು ಹೇಳುವಾಗ ಅವಳಿ ಹುಟ್ಟಿ ನಾಲ್ವರು ಇಳಿಯುತ್ತಾರೆ.

ಆಚೆ ದಡದಲ್ಲಿ ಹನ್ನೆರಡು ಊರುಗಳ ನಾಡು. ಆ ನಾಡಿಗೆ ಅರಸನಿರಲಿಲ್ಲ. ಹನ್ನೆರಡು ಊರಿನ ಹಿರಿಯರು ಆಲದ ಕೆಳಗಿನ ಕಟ್ಟೆಯ ಮೇಲೆ ಕೂತು ವರ್ಷಕ್ಕೆ ಇಬ್ಬರು ನಾಯಕರನ್ನು ಆರಿಸುತ್ತಿದ್ದರು. ಯಾಕೆ ಇಬ್ಬರು? ಒಬ್ಬ ದಾರಿ ತಪ್ಪಿದರೆ ಇನ್ನೊಬ್ಬ ಬೇಡ ಅನ್ನಲಿ ಅಂತ. ಯಾಕೆ ಒಂದೇ ವರ್ಷ? ಕೂತ ಜಾಗ ಬೆಚ್ಚಗಾಗುವ ಮೊದಲೇ ಏಳಲಿ ಅಂತ.

ಆ ದಡಕ್ಕೆ ಆಯುಧ ಹೋಗುವಂತಿರಲಿಲ್ಲ. ಯುದ್ಧಕ್ಕೆ ಹೋದ ನಾಯಕ ಮರಳುವಾಗ ದಂಡನ್ನು ಈಚೆ ದಡದಲ್ಲೇ ಬಿಟ್ಟು, ಕತ್ತಿಯನ್ನು ಹುಲಿಗೆವ್ವನ ಕೈಗೆ ಕೊಟ್ಟು ದಾಟಬೇಕಿತ್ತು. ಅವಳು ಅದನ್ನು ದಡದ ಹುಣಸೆ ಮರಕ್ಕೆ ನೇತುಹಾಕುವಳು. ಗಾಳಿ ಬೀಸಿದರೆ ಮರದ ತುಂಬ ಕತ್ತಿಗಳು ಕಣಕಣ ಅನ್ನುತ್ತಿದ್ದವಂತೆ. ಕೊಡಲಿ, ಕುಡುಗೋಲುಗಳಿಗೆ ಮಾತ್ರ ತಡೆಯಿರಲಿಲ್ಲ. ಅವು ದುಡಿಯುವವರ ಕೈಯವು.

ಒಂದು ವರ್ಷ ಓಬಳ ನಾಯಕ, ಇರುಗಪ್ಪ ನಾಯಕ ಅಂತ ಇಬ್ಬರನ್ನು ಆರಿಸಿದರು. ಓಬಳ ಮಾವ, ಇರುಗಪ್ಪ ಅಳಿಯ. ನಡುವೆ ಓಬಳನ ಮಗಳಿದ್ದಳು. ಅವಳಿರುವ ತನಕ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರಂತೆ. ಅವಳು ಬಾಣಂತಿತನದಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆಮೇಲೆ ಅವರನ್ನು ಕಟ್ಟಿಹಾಕುವ ದಾರ ಯಾವುದೂ ಇರಲಿಲ್ಲ. ಇಬ್ಬರ ಮನಸ್ಸಿನಲ್ಲೂ ಒಂದೇ ಆಸೆ ಹುಟ್ಟಿತು: ಕಟ್ಟೆಯ ಮೇಲೆ ತಾನೊಬ್ಬನೇ ಕೂರಬೇಕು, ಕೂತವನು ಏಳಬಾರದು.

ಓಬಳ ದಂಡು ಕಟ್ಟಿಕೊಂಡು ಬಡಗಣ ಸೀಮೆಗೆ ಹೋಗಿ ಗೆದ್ದು ಈಚೆ ದಡಕ್ಕೆ ಬಂದ. ಅಷ್ಟರಲ್ಲಿ ಇರುಗಪ್ಪ ಹಿರಿಯರಿಂದ ಒಂದು ಓಲೆ ಬರೆಸಿದ್ದ. ದಂಡು ಬಿಟ್ಟು ಒಬ್ಬನೇ ಬಾ, ಕಟ್ಟೆಯ ಮುಂದೆ ನಿಂತು ನಿನ್ನ ಮಾತು ಹೇಳು. ದಂಡಿನ ಜೊತೆ ಹೊಳೆ ದಾಟಿದರೆ ನೀನು ನಾಡಿನ ಹಗೆ, ಅಂತ ಅದರಲ್ಲಿ ಬರೆದಿತ್ತು.

ಓಲೆ ಹಿಡಿದುಕೊಂಡು ಓಬಳ ಎರಡು ದಿನ ನೀರು ನೋಡುತ್ತ ಕೂತನಂತೆ. ಅವನ ಆಳುಗಳು ಕುದಿಯುತ್ತಿದ್ದರು. ಈ ಮುದುಕಿಯ ಹರಿಗೋಲುಗಳನ್ನು ಕಿತ್ತುಕೊಂಡು ಕತ್ತಿ ಸಮೇತ ದಾಟೋಣ, ಯಾರು ತಡೀತಾರೆ ನೋಡೋಣ ಅಂದರು. ಆಗ ಹುಲಿಗೆವ್ವ ತಾನಾಗಿ ಅವನ ಬಳಿ ಹೋದಳು.

"ಏನಪ್ಪಾ ಓಬಳ, ನೀರು ಎಣಸಾಕ ಕೂತೀಯೇನು? ಮುಗಿಯಂಗಿಲ್ಲ ಅದು."

"ಅವ್ವಾ, ಆಚೆ ಹೆಂಗೈತಿ?"

"ಇದ್ದಂಗ ಐತಿ. ನಾನು ಹುಟ್ಟು ಹಿಡಿದ ಮ್ಯಾಲೆ ಒಂದು ಕತ್ತಿನೂ ದಾಟಿಲ್ಲ. ನಿಮ್ಮಪ್ಪನ ಕತ್ತಿನೂ ಇಸಗೊಂಡೀನಿ, ನಿನ್ನ ಅಳಿಯಂದೂ ಇಸಗೊಂಡೀನಿ. ನೀನು ಇವತ್ತು ಕತ್ತಿ ಹಿಡಕೊಂಡು ದಾಟಿದರ, ನಾಳೆ ಎಲ್ಲಾರೂ ದಾಟತಾರ. ಆಮ್ಯಾಲೆ ಆ ಕಟ್ಟೆ ಮ್ಯಾಲೆ ನಾಯಿ ಮಲಗತೈತಿ."

"ನನಗೇನಾರ ಆದರ?"

"ನನ್ನ ಹರಿಗೋಲು ಹತ್ತಿದವರಿಗೆ ಇಲ್ಲೀತನಕ ಏನೂ ಆಗಿಲ್ಲ. ನನ್ನ ಮಾತು ಇದು. ಕತ್ತಿ ಕೊಡು ಇಲ್ಲಿ."

ಓಬಳ ಅವಳ ಮುಖವನ್ನೇ ನೋಡಿದ. ಹನ್ನೆರಡೂರಿನ ಹಿರಿಯರ ಓಲೆಯನ್ನು ನಂಬದವನು ಅವಳ ಮಾತನ್ನು ನಂಬಿದನಂತೆ. ಸೊಂಟದ ಕತ್ತಿ ಬಿಚ್ಚಿ ಕೊಟ್ಟ.

ಹುಲಿಗೆವ್ವ ಸುಳ್ಳು ಹೇಳಿರಲಿಲ್ಲ. ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ಹಿಂದಿನ ಮೂರು ದಿನ ಅವಳು ಪರವೂರಿನ ಹದಿನೆಂಟು ಜನರನ್ನು ದಾಟಿಸಿದ್ದಳು. ಬೇಲಿಗೆ ಜಾಲಿ ಕಡಿಯಲು ಹೊರಟವರು ಅಂದಿದ್ದರು. ಎಲ್ಲರ ಹೆಗಲ ಮೇಲೂ ಕೊಡಲಿ. ಕೊಡಲಿಯ ಕಾವುಗಳೆಲ್ಲ ಹೊಚ್ಚ ಹೊಸವು, ಬೆವರು ಕುಡಿಯದವು. "ಏನ್ರಪ್ಪಾ, ಮದುವಿಗೆ ಹೊಂಟಂಗ ಕೊಡಲಿ ಸಿಂಗಾರ ಮಾಡೀರಲ್ಲ" ಅಂತ ಅವಳು ನಕ್ಕಿದ್ದಳು. ಅವರು ನಗಲಿಲ್ಲ. ಅವಳು ಅಷ್ಟಕ್ಕೇ ಬಿಟ್ಟಳು. ಕೊಡಲಿಗೆ ತಡೆಯಿಲ್ಲ. ಕಟ್ಟಳೆ ಅಂದರೆ ಕಟ್ಟಳೆ.

ನಡು ಮಧ್ಯಾಹ್ನ. ಹೊಳೆ ಕನ್ನಡಿಯ ಹಾಗೆ ಬಿದ್ದುಕೊಂಡಿತ್ತು. ಹರಿಗೋಲು ಎಂದಿನಂತೆ ನೇರ ಹೋಯಿತು. ದಾರಿಯುದ್ದಕ್ಕೂ ಓಬಳ ಕಟ್ಟೆಯ ಮುಂದೆ ಆಡಬೇಕಾದ ಮಾತನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದನಂತೆ. ದಡದಲ್ಲಿ ಜಾಲಿ ಕಡಿಯುವವರು ಸಾಲಾಗಿ ನಿಂತಿದ್ದರು. ಒಂದು ಜಾಲಿಯೂ ಕಡಿದು ಬಿದ್ದಿರಲಿಲ್ಲ. ಅದನ್ನು ನೋಡಿದ ಕೂಡಲೇ ಹುಲಿಗೆವ್ವ ಹುಟ್ಟನ್ನು ಹಿಂದಕ್ಕೆ ಹಾಕಿದಳು. ಆದರೆ ಓಬಳನ ಒಂದು ಕಾಲು ಆಗಲೇ ನೀರಿಗಿಳಿದಿತ್ತು.

ಅವನ ಬಲಗೈ ಸೊಂಟಕ್ಕೆ ಹೋಯಿತಂತೆ. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಗಾಳಿಯನ್ನು ಬಿಗಿಯಾಗಿ ಹಿಡಿದವಂತೆ. ಹಿಡಿದು, ಅವನು ಒಮ್ಮೆ ತಿರುಗಿ ಹುಲಿಗೆವ್ವನನ್ನು ನೋಡಿದ. ಸಿಟ್ಟಿನಿಂದಲ್ಲ. ಕೊಡು ಅನ್ನುವಂತೆ ನೋಡಿದ.

ಅವಳು ಹುಟ್ಟಿನಿಂದ ಒಬ್ಬನ ತಲೆಗೆ ಹೊಡೆದಳು. ಹುಟ್ಟು ಮುರಿಯಿತು. ಅವಳ ಕೈಲಾದದ್ದು ಅಷ್ಟೇ. ಹದಿನೆಂಟು ಕೊಡಲಿಗಳ ನಡುವೆ ಓಬಳ ದಡದಲ್ಲೇ ಬಿದ್ದ.

ಹಿರಿಯರು ಕಟ್ಟೆಯಲ್ಲಿ ಸೇರಿದರು. ಇರುಗಪ್ಪ ಬರಿಗೈಯಲ್ಲಿ ಬಂದು ನಿಂತ. ಯಾರೋ ಪರದೇಶಿಗಳು ನನ್ನ ಮಾವನನ್ನು ಕೊಂದರು, ನಾನೇನು ಮಾಡಲಿ ಅಂತ ಕಣ್ಣು ಒರೆಸಿಕೊಂಡನಂತೆ. ನಾಡಿನ ಕಟ್ಟಳೆ ಮುರಿದಿದ್ದರೆ ಹೇಳಿ, ಅಂಬಿಗಿತ್ತಿಯನ್ನೇ ಕೇಳಿ ಅಂದ. ಹುಲಿಗೆವ್ವನನ್ನು ಕರೆಸಿದರು.

"ಕತ್ತಿ ಏನಾರ ದಾಟೈತೇನವ್ವಾ?" ಅಂತ ಹಿರಿಯನೊಬ್ಬ ಕೇಳಿದ.

ಸುಳ್ಳು ಆಡಿ ಗೊತ್ತಿಲ್ಲದವಳು ಅವಳು. "ದಾಟಿಲ್ಲ" ಅಂದಳು. "ಆದರ ಕೊಡಲಿ..." ಅಂತ ಬಾಯಿ ತೆರೆದಳು.

"ಕೊಡಲಿಗೆ ತಡೆ ಇಲ್ಲ" ಅಂದ ಹಿರಿಯ. ಅವನು ಅವಳ ಕಡೆ ನೋಡಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬರೂ ನೋಡಲಿಲ್ಲವಂತೆ.

ಮರುದಿನ ಇರುಗಪ್ಪ ಹೊಳೆ ದಾಟಿ, ಹುಣಸೆ ಮರದಲ್ಲಿದ್ದ ತನ್ನ ಕತ್ತಿ ಕಟ್ಟಿಕೊಂಡು, ನಾಯಕನಿಲ್ಲದ ದಂಡನ್ನು ತನ್ನದು ಮಾಡಿಕೊಂಡ. ಮರಳುವಾಗ ಸೊಂಟದ ಕತ್ತಿಯನ್ನು ತಾನೇ ಬಿಚ್ಚಿ ಹುಲಿಗೆವ್ವನ ಕೈಗಿಟ್ಟ. "ನಿನ್ನ ಕಟ್ಟಳೆಗೆ ನನ್ನಷ್ಟು ಬೆಲೆ ಕೊಟ್ಟವರು ಯಾರವ್ವಾ?" ಅಂದ. ಬೆಳ್ಳಿಯ ಕಡಗ ಕೊಡಲು ಬಂದ. ಅವಳು ಮುಟ್ಟಲಿಲ್ಲ. ಆದರೂ ಅವನನ್ನು ದಾಟಿಸಬೇಕಾಯಿತು, ಕಟ್ಟಳೆಯಂತೆ ಅವನಿಗೂ ತಡೆಯಿರಲಿಲ್ಲ. ಅವತ್ತು ಮೊದಲ ಸಲ ಅವಳ ಹರಿಗೋಲು ಗಿರಗಿರ ತಿರುಗಿತಂತೆ. ತಿರುಗಿತು, ಮುಳುಗಲಿಲ್ಲ. ಇರುಗಪ್ಪ ನಗುತ್ತಲೇ ಇಳಿದು ಹೋದ.

ಆಮೇಲೆ ಇಬ್ಬರನ್ನು ಆರಿಸಲಿಲ್ಲ. ವರ್ಷ ಮುಗಿಯಲಿಲ್ಲ. ಇರುಗಪ್ಪ ಹಾಸಿಗೆಯ ಮೇಲೆ, ಹಣ್ಣು ಹಣ್ಣು ಮುದುಕನಾಗಿ ಸತ್ತ. ಅವನ ನಂತರ ಅವನ ಎರಡನೆಯ ಹೆಂಡತಿಯ ಮಗ ಕೂತ, ಅವನ ನಂತರ ಅವನ ಮಗ. ಕಟ್ಟೆಯ ಮೇಲೆ ನಿಜವಾಗಿ ನಾಯಿ ಮಲಗಿತು.

ಹುಲಿಗೆವ್ವ ಬದುಕಿರುವಷ್ಟು ಕಾಲ ಹುಟ್ಟು ಬಿಡಲಿಲ್ಲ. ಆದರೆ ಒಬ್ಬಂಟಿಯಾಗಿ ಹರಿಗೋಲು ಹತ್ತಿದವರ ಕೈಗೆ ಮೊದಲು ಒಂದು ಕೋಲು ಕೊಡುತ್ತಿದ್ದಳಂತೆ. ಯಾಕವ್ವಾ ಅಂದರೆ, ಹಿಡ್ಕೋ ಅಂದು ಹುಟ್ಟು ಹಾಕುವಳು. ಆ ಕೋಲಿನಿಂದ ಯಾರ ಜೀವವೂ ಉಳಿದದ್ದು ಇಲ್ಲ. ಅದು ಬೇಕಿದ್ದವನು ಎಂದೋ ಹೋಗಿದ್ದ.

ಓಬಳನ ಕತ್ತಿಯನ್ನು ಕೇಳಲು ಯಾರೂ ಬರಲಿಲ್ಲ. ಹುಣಸೆ ಮರ ಅದರ ಸುತ್ತ ಬೆಳೆದು, ತೊಗಟೆ ಮುಚ್ಚಿ, ನುಂಗಿಕೊಂಡಿತಂತೆ. ಆ ಕೊಂಬೆಯ ಹುಣಸೆಹಣ್ಣನ್ನು ಊರಿನವರು ಇಂದಿಗೂ ಅಡುಗೆಗೆ ಬಳಸುವುದಿಲ್ಲ.

ಈಗ ಸೇತುವೆ ಇದೆ, ಬಸ್ಸು ಹೋಗುತ್ತದೆ. ಆದರೂ ಒಬ್ಬರೇ ನಡೆದು ದಾಟುವವರು ಈಚೆ ತುದಿಯ ರಾಶಿಯಿಂದ ಒಂದು ಕೋಲು ಎತ್ತಿಕೊಳ್ಳುತ್ತಾರೆ, ಆಚೆ ತುದಿಯಲ್ಲಿ ಇಟ್ಟು ಹೋಗುತ್ತಾರೆ. ಮರಳಿ ಬರುವವರು ಅಲ್ಲಿಂದ ಒಂದನ್ನು ತರುತ್ತಾರೆ. ಇರುಗಪ್ಪ ಯಾರು, ಓಬಳ ಯಾರು ಅಂತ ಕೇಳಿದರೆ ಅರ್ಧ ಊರಿಗೆ ಗೊತ್ತಿಲ್ಲ. ಕೋಲು ಯಾರದು ಅಂದರೆ, ಹುಲಿಗೆವ್ವನದು ಅನ್ನುತ್ತಾರೆ. ಹೊಸದಾಗಿ ಬಂದವರು ಬರಿಗೈ ಬೀಸಿಕೊಂಡು ಸೇತುವೆಗೆ ಕಾಲಿಟ್ಟರೆ, ಚಹಾದಂಗಡಿಯ ಹೆಂಗಸು ಒಲೆಯ ಮುಂದಿನಿಂದಲೇ ಕೂಗುತ್ತಾಳೆ:

"ಹಿಡ್ಕೋರಿ."