ತೊಳೆಯದ ಕಾಲು

ಪೂಜ್ಯ ಶೌರಿನಾಥ ಸ್ವಾಮಿಗಳು ಕರಿಬಂಡೆಪಾಳ್ಯದ ಹಂಚಿನ ಮಾಡಿನ ಚರ್ಚಿನಲ್ಲಿ ಹನ್ನೊಂದು ವರ್ಷ ಗುರುಗಳಾಗಿದ್ದರು. ಊರಿನವರೆಲ್ಲ ಕಲ್ಲು ಒಡೆಯುವವರು. ನಮ್ಮ ಮನೆಗಳ ಮುದ್ದೆಯೇ ಸ್ವಾಮಿಗಳಿಗೂ ಪ್ರಸಾದ.

ಆ ವರ್ಷ ಕಲ್ಲುಕೋರೆಯಲ್ಲಿ ಮುಷ್ಕರ ನಡೆದಿತ್ತು. ಕೆಂಬಾವುಟದ ಸಂಘ ಕಟ್ಟಿದ್ದ ಇನ್ನಾಸಪ್ಪನಿಗೆ ಸ್ವಾಮಿಗಳು, ‘ಕೈಯಲ್ಲಿ ಕಲ್ಲು ಬೇಡ, ಮನವಿ ಹಿಡಿದು ಹೋಗು. ಮಾಲೀಕರು ನನಗೆ ಮಾತು ಕೊಟ್ಟಿದ್ದಾರೆ’ ಎಂದಿದ್ದರು. ದೇವರನ್ನು ನಂಬದವನು ಸ್ವಾಮಿಗಳನ್ನು ನಂಬಿ ಹೋದ. ಕೋರೆಯ ಗೇಟಿನಲ್ಲೇ ಪೊಲೀಸರ ಗುಂಡೇಟಿಗೆ ಸತ್ತ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಮರುದಿನ ಪವಿತ್ರ ಗುರುವಾರ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ ಗುರುಗಳು ಊರಿನ ಹನ್ನೆರಡು ಜನರ ಪಾದ ತೊಳೆಯುವ ದಿನ. ನಮ್ಮ ಮರ್ಯಾದೆ ನೋಡಿ: ಸ್ವಾಮಿಗಳ ಕೈಗೆ ಕೊಳಕು ಕಾಲು ಕೊಡಬಾರದೆಂದು ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು ಬರುತ್ತಿದ್ದೆವು! ಆ ಹನ್ನೆರಡರಲ್ಲಿ ನಾನೂ ಒಬ್ಬ. ಸಂಘದವನಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲವೆಂದು ಅಂದು ಬೆಳಿಗ್ಗೆ ಮೊದಲು ಹೇಳಿದವನೂ ನಾನೇ. ಮಾಲೀಕರಿಗೆ ಹೆದರಿ, ಆ ಹೆದರಿಕೆಯನ್ನೇ ಧರ್ಮವೆಂದು ಕರೆದಿದ್ದೆ.

ಸ್ವಾಮಿಗಳು ಬೋಗುಣಿ ಇಟ್ಟು ಮಂಡಿಯೂರಿದ್ದರಷ್ಟೆ, ಸತ್ತವನ ಅಣ್ಣ ರಾಯಪ್ಪ ಒಳನುಗ್ಗಿದ. ಹೆಣ ಹೊರಗೆ ಗಾಡಿಯಲ್ಲಿತ್ತು. ಅವನ ಬರಿಗಾಲಿನ ಮೇಲೆ ಕಲ್ಲುಪುಡಿ, ತಮ್ಮನ ರಕ್ತ.

“ನಿಮ್ ಮಾತು ಕೇಳಿ ಸತ್ತ ಸ್ವಾಮ್ಯೋರೆ. ಈಗ ಹೂಳಕ್ಕೂ ಮಣ್ಣಿಲ್ಲ ಅಂತಾರೆ. ನಿಮ್ ದೇವ್ರು ಯಾರ ಕಡೆ?”

ಸ್ವಾಮಿಗಳು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಅವನು ಕಾಲು ಎಳೆದುಕೊಂಡರೂ ಬಿಡದೆ ತೊಳೆದರು. ಬೋಗುಣಿಯ ನೀರು ಕೆಂಪಾಯಿತು.

“ಮಾಲೀಕನ ಮಾತು ನಂಬಿದ್ದು ನನ್ನ ಪಾಪ, ರಾಯಪ್ಪ. ಕ್ಷಮಿಸು ಅಂತ ಕೇಳಲ್ಲ. ಗೋಡೆ ಪಕ್ಕ ಗುರುಗಳಿಗೆ ಅಂತ ಜಾಗ ಇದೆಯಲ್ಲ, ನನ್ನದು. ಅಲ್ಲಿ ಅವನನ್ನ ಮಲಗಿಸೋಣ.”

ಪೂಜೆಯ ಉಡುಪು ಕಳಚಿಟ್ಟು ಹಾರೆ ಎತ್ತಿಕೊಂಡರು. ನನಗೆ ನಾಚಿಕೆಯಿಂದ ಅಳು ಬಂತು. ಓಡಿಹೋಗಿ ಅವರ ಕೈಯಿಂದ ಹಾರೆ ಇಸಿದುಕೊಂಡು ಅಗೆಯತೊಡಗಿದೆ. ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಗಲಭೆಗೆ ಕುಮ್ಮಕ್ಕು ಕೊಟ್ಟರೆಂದು ಸ್ವಾಮಿಗಳನ್ನು ಬಂಧಿಸಿದರು. ಎಂಟು ತಿಂಗಳ ಮೇಲೆ ಜೈಲಿನಿಂದ ಅವರ ಪಾರ್ಥಿವ ಶರೀರ ಬಂತು. ಅವರ ಜಾಗದಲ್ಲಿ ಇನ್ನಾಸಪ್ಪನಿದ್ದ. ಹಾಗಾಗಿ ಸ್ಮಶಾನದ ತುದಿಯ ಕಲ್ಲುನೆಲದಲ್ಲಿ ರಾಯಪ್ಪನೇ ಗುಂಡಿ ತೋಡಿದ, ಹಾರೆಯನ್ನು ಯಾರಿಗೂ ಕೊಡಲಿಲ್ಲ. ಅವನು ಇಂದಿಗೂ ಜಪ ಮಾಡುವವನಲ್ಲ.

ಆದರೆ ಪ್ರತಿವರ್ಷ ಆ ಗುರುವಾರ ಕೋರೆಯಿಂದ ನೇರ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ನಾವೂ ಈಗ ಕಾಲು ತೊಳೆದುಕೊಂಡು ಹೋಗುವುದಿಲ್ಲ.